ತೋಟದ ಲೈನಿಗೆ ಯಾವ ಉಪ್ಪು?



ಕಾಫಿ ಗಿಡದ ಎಲೆ ಕಿರಿದಾಗಿ ನರಗಳ ನಡುವೆ ಹಳದಿ ತಿರುಗಿದರೆ ಸತುವಿನ ಕೊರತೆಯೆಂದು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಡಿಕೆಯ ಸುಳಿ ಮುದುಡಿದರೆ ಬೋರಾನ್ ನೆನಪಾಗುತ್ತದೆ. ಮಣ್ಣು ಪರೀಕ್ಷೆಗೆ ಕಳಿಸುತ್ತೇವೆ, ವರದಿ ನೋಡುತ್ತೇವೆ, ಗ್ರಾಂ ಲೆಕ್ಕದಲ್ಲಿ ಬೇಕಾದದ್ದನ್ನು ಕೊಡುತ್ತೇವೆ. ಆದರೆ ಇದೇ ಮಣ್ಣಿನಲ್ಲಿ ಬೆಳೆದದ್ದನ್ನು ಉಂಡು, ಇದೇ ಹಳ್ಳದ ನೀರು ಕುಡಿದು ಬದುಕುವ ಮನುಷ್ಯನಿಗೂ ಅಂಥದೇ ಒಂದು ಕೊರತೆ ಉಂಟೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆ ಕೊರತೆ ಅಯೋಡಿನ್ನಿನದು. ಅದಕ್ಕೆ ಪರಿಹಾರ ಔಷಧದಂಗಡಿಯಲ್ಲಿ ಇಲ್ಲ, ಉಪ್ಪಿನ ಡಬ್ಬಿಯಲ್ಲಿದೆ. ಈ ಸಲ ಬೆಲೆ, ಗೊಬ್ಬರ, ಸಾಲದ ಮಾತನ್ನು ಬದಿಗಿಟ್ಟು ಆ ಡಬ್ಬಿಯ ವಿಷಯ ಬರೆಯುತ್ತಿದ್ದೇನೆ. ಸದಸ್ಯರು ತಾಳ್ಮೆಯಿಂದ ಓದಬೇಕು.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಎಂಬ ಗ್ರಂಥಿ ಇದೆ. ಮೈಯ ಬಿಸಿ, ಎದೆಬಡಿತ, ಮಕ್ಕಳ ಬೆಳವಣಿಗೆ, ಬುದ್ಧಿಯ ಚುರುಕು ಇವೆಲ್ಲ ಆ ಗ್ರಂಥಿ ತಯಾರಿಸುವ ರಸವನ್ನು ಅವಲಂಬಿಸಿವೆ. ಆ ರಸಕ್ಕೆ ಅಯೋಡಿನ್ ಬೇಕೇ ಬೇಕು. ಎಷ್ಟು ಬೇಕು? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ; ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ 250. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಎಪ್ಪತ್ತು ವರ್ಷ ಬದುಕಿದವನ ಒಟ್ಟು ಲೆಕ್ಕ ಹಾಕಿದರೂ ನಾಲ್ಕು ಗ್ರಾಂ ಆಗದು, ಒಂದು ಟೀ ಚಮಚವೂ ತುಂಬದು. ಆದರೆ ಆ ಚಮಚವನ್ನು ಒಂದೇ ದಿನ ನುಂಗಿ ಕೈತೊಳೆದುಕೊಳ್ಳುವಂತಿಲ್ಲ. ಗ್ರಂಥಿ ಕೆಲವು ತಿಂಗಳಿಗಾಗುವಷ್ಟನ್ನು ಮಾತ್ರ ಕೂಡಿಟ್ಟುಕೊಳ್ಳುತ್ತದೆ. ಮಿಕ್ಕದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ಆದ್ದರಿಂದ ಬಹಳ ಸ್ವಲ್ಪ, ಆದರೆ ಜೀವಮಾನವಿಡೀ, ಎಂಬುದೇ ಇದರ ನಿಯಮ.

ನಮ್ಮ ಮಲೆನಾಡಿನಲ್ಲಿ ಈ ಸ್ವಲ್ಪವೂ ಸಿಗದಿರಲು ಕಾರಣ ಮಳೆ. ಅಯೋಡಿನ್ ಮಣ್ಣಿನ ಮೇಲ್ಪದರದಲ್ಲಿ ಇರುವ ವಸ್ತು. ಇಳಿಜಾರಿನ ಮೇಲೆ ನೂರು, ನೂರೈವತ್ತು ಅಂಗುಲ ಮಳೆ ಸಾವಿರಾರು ವರ್ಷ ಸುರಿದರೆ ಅದು ತೊಳೆದುಹೋಗಿ ಹೊಳೆ ಸೇರಿ ಸಮುದ್ರ ಮುಟ್ಟುತ್ತದೆ. ಮಣ್ಣಿನಲ್ಲಿ ಇಲ್ಲದ್ದು ಅಕ್ಕಿಯಲ್ಲಿ ಬರುವುದಿಲ್ಲ, ಸೊಪ್ಪಿನಲ್ಲಿ ಬರುವುದಿಲ್ಲ, ಅದನ್ನು ಮೇದ ಹಸುವಿನ ಹಾಲಿನಲ್ಲೂ ಸಾಕಷ್ಟು ಬರುವುದಿಲ್ಲ. ಘಟ್ಟದ ಕೆಳಗೆ ಸಮುದ್ರ ಕಣ್ಣಳತೆಯಲ್ಲೇ ಇದ್ದರೂ ಪ್ರಯೋಜನ ಕಡಿಮೆ. ಕರಾವಳಿಯಲ್ಲೂ ಈ ಕೊರತೆ ಕಂಡುಬಂದಿದೆ. ಸರ್ಕಾರದ ಸಮೀಕ್ಷೆಗಳಲ್ಲಿ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳನ್ನು ಗಳಗಂಡ ನೆಲೆಯೂರಿದ ಜಿಲ್ಲೆಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಕೊರಳಿನ ಮುಂದೆ ಗಂಟು ಬೆಳೆದ ಹೆಂಗಸರನ್ನು ನಮ್ಮ ಹಿರಿಯರ ಕಾಲದಲ್ಲಿ ಊರೂರಲ್ಲೂ ಕಾಣಬಹುದಾಗಿತ್ತು. ಅದನ್ನು ರೋಗವೆಂದು ಯಾರೂ ಎಣಿಸುತ್ತಿರಲಿಲ್ಲ.

ಗಂಟು ಹೊರಗೆ ಕಾಣುವ ಗುರುತು ಮಾತ್ರ. ಹೆಚ್ಚಿನ ಹಾನಿ ಕಾಣದ ಕಡೆ ಆಗುತ್ತದೆ. ಗರ್ಭದಲ್ಲಿರುವ ಕೂಸಿನ ಮಿದುಳು ಮೊದಲ ಮೂರು ತಿಂಗಳು ತಾಯಿಯ ಥೈರಾಯ್ಡ್ ರಸದ ಮೇಲೆಯೇ ನಿಂತಿದೆ. ಆಗ ತಾಯಿಗೆ ಅಯೋಡಿನ್ ಕೊರತೆಯಾದರೆ ಗರ್ಭ ಇಳಿಯಬಹುದು, ಸತ್ತ ಕೂಸು ಹುಟ್ಟಬಹುದು; ಕೊರತೆ ತೀವ್ರವಾದರೆ ಕಿವುಡು ಮೂಗಾಗಿ, ಕುಬ್ಜವಾಗಿ, ಬುದ್ಧಿ ಬೆಳೆಯದೆ ಹುಟ್ಟಬಹುದು. ಕೊರತೆ ಸಾಧಾರಣದ್ದಾದರೆ ಮಗು ನೋಡಲು ಚೆನ್ನಾಗಿಯೇ ಇರುತ್ತದೆ, ಶಾಲೆಯಲ್ಲಿ ಹಿಂದೆ ಬೀಳುತ್ತದೆ, ಅಷ್ಟೆ. ಆಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಕಳೆದದ್ದು ಪೂರ್ತಿ ಮರಳುವುದಿಲ್ಲ. ಎಳೆಯ ಸಸಿಯಲ್ಲಿ ತಾಯಿಬೇರು ಮಡಿಸಿ ನೆಟ್ಟರೆ ಹತ್ತು ವರ್ಷದ ಮೇಲೆ ಗೊಬ್ಬರ ಹಾಕಿ ಸರಿಪಡಿಸಲಾಗುವುದೇ?

ಇದಕ್ಕೆ ಉಪ್ಪೇ ಮದ್ದೆಂಬುದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಲ್ಲಿ ಕೆಲಸ ಆರಂಭಿಸಿದರು. ಕಣಿವೆಯನ್ನು ಮೂರು ಭಾಗ ಮಾಡಿ, ಎರಡು ಭಾಗಗಳಿಗೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಸರಬರಾಜು ಮಾಡಿದರು. ಆರು ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಶಾಲಾ ಮಕ್ಕಳ ಗಳಗಂಡ ಸುಮಾರು ಅರ್ಧಕ್ಕೆ ಇಳಿದಿತ್ತು. ಸಾದಾ ಉಪ್ಪಿನ ಕಡೆ ಇಳಿಯಲಿಲ್ಲ. ಅದರ ಮೇಲೆ ಆ ಭಾಗಕ್ಕೂ ಅಯೋಡಿನ್ ಉಪ್ಪನ್ನೇ ಕೊಟ್ಟರು. ಈ ಅನುಭವದ ಬಲದಿಂದ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂದಿತು. 1984ರಲ್ಲಿ ದೇಶದ ತಿನ್ನುವ ಉಪ್ಪಿಗೆಲ್ಲ ಅಯೋಡಿನ್ ಸೇರಿಸಬೇಕೆಂಬ ತೀರ್ಮಾನವಾಯಿತು. 1992ರಲ್ಲಿ ಕಾರ್ಯಕ್ರಮದ ಹೆಸರನ್ನು ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳೂ ಒಳಗೊಳ್ಳುವಂತೆ ಬದಲಿಸಿದರು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದೆಂಬ ಕೇಂದ್ರದ ನಿಷೇಧವನ್ನು 2000ದಲ್ಲಿ ತೆಗೆದುಹಾಕಿ, 2006ರ ಮೇ ತಿಂಗಳಿಂದ ಮತ್ತೆ ಜಾರಿಗೆ ತಂದರು. ಈಗಿನ ಆಹಾರ ಸುರಕ್ಷತಾ ನಿಯಮವೂ ಅದನ್ನೇ ಹೇಳುತ್ತದೆ.

ಹಾಗಾದರೆ ಕೆಲಸ ಮುಗಿಯಿತಲ್ಲ ಎಂದು ಕೇಳಬಹುದು. ಮುಗಿದಿಲ್ಲ. 2018–19ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪು ಬಳಸುತ್ತಿದ್ದ ಮನೆಗಳು ನೂರಕ್ಕೆ 76. ಅಂದರೆ ನಾಲ್ಕು ಮನೆಗಳಲ್ಲಿ ಒಂದು ಮನೆ ಇನ್ನೂ ಹೊರಗೆ ಉಳಿದಿತ್ತು. ಆ ನಾಲ್ಕನೆಯ ಮನೆ ಯಾರದು? ಪೇಟೆಯ ಪ್ಯಾಕೆಟ್ಟು ಕೊಳ್ಳುವ ನಮ್ಮ ನಿಮ್ಮ ಮನೆಯಲ್ಲ. ಅದು ನಮ್ಮ ತೋಟದ ಲೈನಿನ ಮನೆಯೆಂದು ನನ್ನ ಅಂದಾಜು.

ಕೊಯ್ಲಿನ ಕಾಲಕ್ಕೆ ಈಗ ನಮ್ಮಲ್ಲಿ ಸ್ಥಳೀಯ ಆಳುಗಳು ಸಾಲುವುದಿಲ್ಲ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ, ಅರಕೇರಾ ಕಡೆಯ ಕುಟುಂಬಗಳು ಗುಳೆ ಹೊರಟು ಬಂದು ಲೈನಿನಲ್ಲಿ ಮೂರು ನಾಲ್ಕು ತಿಂಗಳು ಇರುತ್ತವೆ. ಗಂಡ ಹೆಂಡತಿ ಇಬ್ಬರೂ ಹಣ್ಣು ಕೊಯ್ಯುತ್ತಾರೆ. ಹೊಸದಾಗಿ ಮದುವೆಯಾದ ಹುಡುಗಿಯರು, ಬಸುರಿಯರು, ಎಳೆಗೂಸಿನ ತಾಯಂದಿರು ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಸಂಘದ ಕೆಲಸದ ಮೇಲೆ ತೋಟ ತೋಟ ತಿರುಗುವಾಗ ಒಂದು ಲೈನಿನ ಮುಂದೆ ನಿಂತು, ಅಡಿಗೆಗೆ ಉಪ್ಪು ಎಲ್ಲಿಂದ ಎಂದು ಅರಕೇರಾ ಕಡೆಯ ಮೇಸ್ತ್ರಿಯನ್ನು ಕೇಳಿದೆ.

‘ಊರಿಂದ ಜ್ವಾಳದ ಹಿಟ್ಟಿನ ಜತಿಗೆ ಹಳ್ಳುಪ್ಪು ತಂದಿರ್ತೀವ್ರಿ. ತೀರಿತಂದ್ರ ಕೊಟಗ್ಯಾಗಿನ ಚೀಲದಾಗಿಂದ ತಗೋತೀವ್ರಿ. ಯಾಕ್ರೀ ಗೌಡ್ರ, ಉಪ್ಪು ಎಲ್ಲಾ ಒಂದ ಅಲ್ರೀ?’ ಎಂದ.

ಆ ಚೀಲ ದನಕ್ಕೂ ತೆಂಗಿನ ಬುಡಕ್ಕೂ ತಂದದ್ದು. ಕಾನೂನು ತಡೆಯುವುದು ಮನುಷ್ಯರು ನೇರವಾಗಿ ತಿನ್ನುವ ಉಪ್ಪನ್ನು ಮಾತ್ರ. ದನಕ್ಕೆ, ಚರ್ಮಕ್ಕೆ, ಕಾರ್ಖಾನೆಗೆ, ತೆಂಗಿಗೆ ಹಾಕುವ ಉಪ್ಪು ಅಯೋಡಿನ್ ಇಲ್ಲದೆ ಅಗ್ಗದ ಮೂಟೆಯಲ್ಲಿ ಬರುತ್ತದೆ. ನೋಡಲು ಬಿಳಿ, ನಾಲಗೆಗೆ ಅದೇ ರುಚಿ. ಮೇಸ್ತ್ರಿಯ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಕಣ್ಣಿನಿಂದ ನೋಡಿ ವ್ಯತ್ಯಾಸ ಹೇಳಲು ಡಾಕ್ಟರಿಗೂ ಆಗದು.

ಈ ಜನರ ಊರಿನ ಕಷ್ಟವೇ ಬೇರೆ. ರಾಯಚೂರು ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮಕ್ಕಳ ಹಲ್ಲಿನ ಮೇಲಿನ ಕಂದು ಪಟ್ಟೆ ಅದರ ಸಾಕ್ಷಿ. ಅಲ್ಲಿ ನೆಲ ಕೊಡಬಾರದ್ದನ್ನು ಹೆಚ್ಚು ಕೊಡುತ್ತದೆ, ಇಲ್ಲಿ ನೆಲ ಕೊಡಬೇಕಾದ್ದನ್ನು ಕೊಡುವುದಿಲ್ಲ. ಇನ್ನೊಂದು ಸಂಗತಿ. ಆ ಕಡೆಯ ಊಟದಲ್ಲಿ ಜೋಳದ ಜತೆಗೆ ಸಜ್ಜೆಯೂ ಉಂಟು. ಸಜ್ಜೆಯಲ್ಲಿರುವ ಕೆಲವು ಅಂಶಗಳು ಥೈರಾಯ್ಡಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆಂದು ಆಫ್ರಿಕದ ಸೂಡಾನಿನ ಸಂಶೋಧನೆಗಳಿಂದ ತಿಳಿದಿದೆ. ನಮ್ಮ ಕಳಲೆ, ಮರಗೆಣಸು, ಎಲೆಕೋಸುಗಳದ್ದೂ ಇದೇ ಜಾತಿಯ ದೋಷ. ಕಳಲೆಯನ್ನು ಮೂರು ದಿನ ನೀರು ಬದಲಿಸುತ್ತಾ ನೆನೆಹಾಕುವ ನಮ್ಮ ಹೆಂಗಸರ ಪದ್ಧತಿ ಆ ದೋಷವನ್ನು ತಗ್ಗಿಸುತ್ತದೆ. ಸಜ್ಜೆ ರೊಟ್ಟಿಯನ್ನಾಗಲಿ ಕಳಲೆ ಪಲ್ಯವನ್ನಾಗಲಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಅಯೋಡಿನ್ ಸಾಕಷ್ಟು ಸಿಕ್ಕುವವನು ಇವನ್ನು ಹದವಾಗಿ ತಿಂದರೆ ತೊಂದರೆಯಿಲ್ಲ. ಸಿಕ್ಕದವನಿಗೆ ಇರುವ ಕೊರತೆಯ ಮೇಲೆ ಇನ್ನೊಂದು ಹೊರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಯೋಡಿನ್ ಒಳ್ಳೆಯದೆಂದು ಗೊತ್ತಾದ ಕೂಡಲೇ ಹೆಚ್ಚು ತಿಂದರೆ ಹೆಚ್ಚು ಒಳ್ಳೆಯದೆಂಬ ಭ್ರಮೆ ಹುಟ್ಟುತ್ತದೆ. ಸುಸ್ತಿಗೆ, ಮೈ ಬರುವುದಕ್ಕೆ, ಕೂದಲುದುರುವುದಕ್ಕೆಂದು ಅಯೋಡಿನ್ ಹನಿ, ಸಮುದ್ರಪಾಚಿಯ ಮಾತ್ರೆಗಳನ್ನು ತರಿಸಿ ವರ್ಷಗಟ್ಟಲೆ ನುಂಗುವವರು ನಮ್ಮ ಸದಸ್ಯರ ಮನೆಗಳಲ್ಲೂ ಇದ್ದಾರೆ. ಲೂಗಾಲ್ ದ್ರಾವಣವೆಂಬ ಹಳೆಯ ಔಷಧವೊಂದಿದೆ. ಶೇಕಡಾ ಐದರ ಆ ದ್ರಾವಣದ ಒಂದು ಹನಿಯಲ್ಲಿ ಸುಮಾರು 6 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಅದು ನಲವತ್ತು ದಿನದ ಪಡಿ! ದೊಡ್ಡವರು ದಿನಕ್ಕೆ 1,100 ಮೈಕ್ರೋಗ್ರಾಂ ದಾಟಬಾರದೆಂದು ಅಮೆರಿಕದ ತಜ್ಞರು ಮಿತಿ ಹಾಕಿದ್ದಾರೆ. ಯುರೋಪಿನವರು 600ಕ್ಕೇ ನಿಲ್ಲಿಸಿದ್ದಾರೆ. ಪಾಚಿಯ ಮಾತ್ರೆಯಲ್ಲಂತೂ ಒಂದರಂತೆ ಇನ್ನೊಂದು ಇರುವುದಿಲ್ಲ.

ಅತಿಯಾದರೆ ಗ್ರಂಥಿ ತಾನೇ ಬಾಗಿಲು ಹಾಕಿಕೊಂಡು ರಸ ಕಡಿಮೆ ಮಾಡಬಹುದು. ಬಹುಕಾಲ ಕೊರತೆಯಲ್ಲಿದ್ದು ಗಂಟುಗಂಟಾದ ಮುದುಕರ ಗ್ರಂಥಿ ಅದಕ್ಕೆ ವಿರುದ್ಧವಾಗಿ ರಸವನ್ನು ಅತಿಯಾಗಿ ಸುರಿಸಿ ಎದೆಬಡಿತ ಏರಿಸಬಹುದು. ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ 1966ರಲ್ಲಿ ಬ್ರೆಡ್ಡಿಗೆ ಅಯೋಡಿನ್ ಸೇರಿಸಿದ ಮೇಲೆ ಇಂಥ ರೋಗಿಗಳು ಕೆಲಕಾಲ ಹೆಚ್ಚಿದ್ದರು. ಚೀನಾದಲ್ಲಿ ಮೂರು ಊರುಗಳ ಜನರನ್ನು ಐದು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಯೋಡಿನ್ ಬೇಕಾದ್ದಕ್ಕಿಂತ ಹೆಚ್ಚಿದ್ದ ಊರುಗಳಲ್ಲಿ ಥೈರಾಯ್ಡ್ ಮಂದವಾಗುವುದು ಹೆಚ್ಚು ಕಂಡಿತು. ಬೋರಾನ್ ಬಳಸಿ ಬಲ್ಲವರಿಗೆ ಇದು ಹೊಸ ಪಾಠವಲ್ಲ. ಕೊರತೆಗೂ ವಿಷಕ್ಕೂ ನಡುವಿನ ದಾರಿ ಕಿರಿದು. ಬೋರಾಕ್ಸನ್ನು ಮರಕ್ಕೆ ಇಷ್ಟು ಗ್ರಾಂ ಎಂದು ತೂಗಿ ಹಾಕುತ್ತೇವೆಯೇ ಹೊರತು ಬುಟ್ಟಿಯಲ್ಲಿ ಸುರಿಯುತ್ತೇವೆಯೇ?

ಉಪ್ಪಿನ ಗುಣ ಇಲ್ಲಿಯೇ ಇರುವುದು. ಅಂಗಡಿಯಲ್ಲಿ ಕೊಳ್ಳುವ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ 15 ಪಾಲಿಗೆ ಕಡಿಮೆಯಿಲ್ಲದಂತೆ ಅಯೋಡಿನ್ ಇರಬೇಕೆಂದು ನಿಯಮ. ಹತ್ತು ಗ್ರಾಂ ಉಪ್ಪಿಗೆ 150 ಮೈಕ್ರೋಗ್ರಾಂ ಆಯಿತು. ಉಪ್ಪನ್ನು ಯಾರೂ ಬೊಗಸೆಯಲ್ಲಿ ತಿನ್ನುವುದಿಲ್ಲ, ನಾಲಗೆಯೇ ಕಾವಲು. ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದವರು ಕಡಿಮೆ ಮಾಡಲೇಬೇಕು. ಆದರೆ ತಿನ್ನುವಷ್ಟನ್ನು ಅಯೋಡಿನ್ ಉಪ್ಪಿನಲ್ಲೇ ತಿನ್ನಲಿ; ಹಾಲು, ಮೊಟ್ಟೆ, ಸಮುದ್ರದ ಮೀನು ತಿನ್ನುವವರಿಗೆ ಅದರಿಂದಲೂ ಸ್ವಲ್ಪ ಸಿಗುತ್ತದೆ. ಈಚೆಗೆ ಪೇಟೆಯಲ್ಲಿ ಬೆಲೆ ಕೊಟ್ಟು ಕೊಳ್ಳುವ ಗುಲಾಬಿ ಬಣ್ಣದ ಸೈಂಧವ ಉಪ್ಪಿನಲ್ಲಿ, ಬೇರೆಯಾಗಿ ಸೇರಿಸಿರದಿದ್ದರೆ, ಅಯೋಡಿನ್ ಹೇಳಿಕೊಳ್ಳುವಷ್ಟು ಇರುವುದಿಲ್ಲ.

ಥೈರಾಯ್ಡ್ ರೋಗಿಗಳು ಈಗ ಮನೆಮನೆಗೆ ಒಬ್ಬರಾಗಿದ್ದಾರೆ, ಇದೆಲ್ಲ ಅಯೋಡಿನ್ ಉಪ್ಪಿನಿಂದಲೇ ಬಂದದ್ದು ಎಂಬ ಆಕ್ಷೇಪವನ್ನು ಬಹಳ ಜನ ಹೇಳುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಡೆನ್ಮಾರ್ಕಿನಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸಿದ ಮೇಲೆ ಥೈರಾಯ್ಡ್ ಮಂದವಾದವರ ಸಂಖ್ಯೆ ಸ್ವಲ್ಪ ಏರಿದ್ದು ನಿಜ. ಆದರೆ ಈಗ ನಾವು ಕಾಣುವ ರೋಗಿಗಳಲ್ಲಿ ಬಹುಪಾಲು ಮೈಯ ರಕ್ಷಣಾಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದದ್ದರಿಂದ ಆದವರು. ಮೊದಲು ರಕ್ತ ಪರೀಕ್ಷೆ ಇರಲಿಲ್ಲ, ಈಗ ಇದೆ, ಆದ್ದರಿಂದ ಗೊತ್ತಾಗುತ್ತಿದೆ. ಅಂಥವರಿಗೆ ದಿನಕ್ಕೊಂದು ಮಾತ್ರೆಯಿದೆ, ಬಾಳು ಸರಿಯಾಗಿ ನಡೆಯುತ್ತದೆ. ಗರ್ಭದಲ್ಲೇ ಮಿದುಳು ಸೊರಗಿದ ಮಗುವಿಗೆ ಯಾವ ಮಾತ್ರೆಯೂ ಇಲ್ಲ. ತಕ್ಕಡಿಯ ಎರಡು ತಟ್ಟೆಯಲ್ಲಿ ಇವೆರಡನ್ನೂ ಇಟ್ಟು ತೂಗಿದರೆ ಉಪ್ಪಿನ ಕಡೆಗೇ ನನ್ನ ಮತ.

ಮಾತ್ರೆಯ ಮಾತು ಬಂದದ್ದರಿಂದ ಕಾಫಿ ಬೆಳೆಗಾರರಾದ ನಮಗೆ ಒಂದು ಎಚ್ಚರಿಕೆ. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜತೆ ನುಂಗಿದರೆ ಅದು ಸರಿಯಾಗಿ ಮೈಗೆ ಸೇರುವುದಿಲ್ಲ. ಬರಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಬ್ಬಿಣದ, ಸುಣ್ಣದಂಶದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಹಾಗೆಯೇ ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಹೊಡೆಯುವ ಮ್ಯಾಂಕೋಜೆಬ್ ಒಡೆದಾಗ ಹುಟ್ಟುವ ಒಂದು ವಸ್ತು ಥೈರಾಯ್ಡಿಗೆ ಅಡ್ಡಿ ಮಾಡುವಂಥದು. ಯುರೋಪಿನ ಒಕ್ಕೂಟ 2020ರಲ್ಲಿ ಆ ಔಷಧದ ಪರವಾನಗಿ ಮುಂದುವರಿಸದಿರಲು ಇಂಥ ಕಾರಣಗಳೇ ಇದ್ದವು. ಮೂಗಿಗೆ ಮುಸುಕು, ಕೈಗೆ ಗವಸು ಇಲ್ಲದೆ ಯಾರಿಗೂ ಸಿಂಪರಣೆ ಮಾಡಗೊಡಬೇಡಿ. ಬಸುರಿಯರನ್ನು ಆ ಕೆಲಸದ ಹತ್ತಿರಕ್ಕೂ ಬಿಡಬೇಡಿ.

ಈಗ ನಮ್ಮ ಸಂಘ ಮಾಡಬಹುದಾದ ಕೆಲಸಕ್ಕೆ ಬರುತ್ತೇನೆ. ಹಿಂದೆ ನಮ್ಮ ಅಡಿಕೆ ಘಟ್ಟ ಇಳಿಯುತ್ತಿತ್ತು, ಅದೇ ಹೇರೆತ್ತುಗಳ ಮೇಲೆ ಸಮುದ್ರದ ಉಪ್ಪು ಘಟ್ಟ ಏರುತ್ತಿತ್ತು. 1930ರಲ್ಲಿ ಅಂಕೋಲೆಯ ಜನ ಉಪ್ಪಿಗಾಗಿ ಸತ್ಯಾಗ್ರಹ ಮಾಡಿದರು. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪಾಗರದ ಮಾಲೀಕರು ನಮ್ಮಂತೆಯೇ ಸಹಕಾರಿ ಸಂಘ ಕಟ್ಟಿಕೊಂಡಿದ್ದಾರೆ. ಉಪ್ಪು ಸಹಕಾರಿಗಳ ಕೆಲಸವಲ್ಲವೆಂದು ಯಾರೂ ಹೇಳಲಾರರು. ನನ್ನ ಸಲಹೆಗಳು ನಾಲ್ಕು.

ಒಂದು: ಸಂಘದ ಮಳಿಗೆಯಲ್ಲಿ ದನಕ್ಕೂ ತೆಂಗಿಗೂ ಮಾರುವ ಉಪ್ಪಿನ ಮೂಟೆಯನ್ನು ದಿನಸಿಯ ಕಡೆ ಇಡದೆ ಗೊಬ್ಬರದ ಕೋಣೆಯಲ್ಲೇ ಇಡುವುದು, ಚೀಲದ ಮೇಲೆ ‘ತಿನ್ನುವುದಕ್ಕಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಸುವುದು. ದಿನಸಿಯ ಕಡೆ ನಗುವ ಸೂರ್ಯನ ಗುರುತಿರುವ ಅಯೋಡಿನ್ ಉಪ್ಪನ್ನು ಮಾತ್ರ ಮಾರುವುದು. ಹರಳುಪ್ಪೇ ಬೇಕೆನ್ನುವವರಿಗೆ ಅಯೋಡಿನ್ ಸೇರಿದ ಹರಳುಪ್ಪನ್ನು ತರಿಸಿಕೊಡಬಹುದು.

ಎರಡು: ಪ್ರತಿ ಸದಸ್ಯರೂ ಲೈನಿನ ಕುಟುಂಬಗಳಿಗೆ ಉಪ್ಪನ್ನು ತಾವೇ ಕೊಡುವುದು. ಐದು ಜನರ ಮನೆಗೆ ದಿನಕ್ಕೆ 50 ಗ್ರಾಮಿನಂತೆ ತಿಂಗಳಿಗೆ ಒಂದೂವರೆ ಕಿಲೋ, ನಾಲ್ಕು ತಿಂಗಳ ಕೊಯ್ಲಿಗೆ ಆರು ಕಿಲೋ. ಇದರ ಖರ್ಚು ಒಂದು ಆಳಿನ ಒಂದು ದಿನದ ಕೂಲಿಯನ್ನೂ ಮುಟ್ಟುವುದಿಲ್ಲ. ಅವರು ಊರಿಗೆ ಹೊರಡುವಾಗ ಎರಡು ಪ್ಯಾಕೆಟ್ಟು ಕೈಗಿಟ್ಟು, ಅಲ್ಲಿಯೂ ಇದನ್ನೇ ಕೊಳ್ಳಿರೆಂದು ಹೇಳಿದರೆ ಇನ್ನೂ ಒಳ್ಳೆಯದು.

ಮೂರು: ಉಪ್ಪನ್ನು ಇಡುವ ರೀತಿ ಹೇಳಿಕೊಡುವುದು. ಹರಳುಪ್ಪನ್ನು ತೊಳೆದರೆ ಅಯೋಡಿನ್ ನೀರಿನ ಪಾಲು. ನಮ್ಮ ಆಷಾಢದ ಶೀತಕ್ಕೆ ಉಪ್ಪು ನೀರೊಡೆದು ಸೋರಿದರೆ ಅದರ ಜತೆ ಅಯೋಡಿನ್ನೂ ಸೋರುತ್ತದೆ. ಮುಚ್ಚಳ ಬಿಗಿಯಾದ ಭರಣಿಯಲ್ಲಿಟ್ಟು, ಒಲೆಯ ಕಾವಿನಿಂದ ದೂರವಿರಿಸಿ, ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕುವುದು ಒಳ್ಳೆಯದು.

ನಾಲ್ಕು: ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೊಯ್ಲಿನ ಕಾಲಕ್ಕೆ ಲೈನುಗಳಿಗೆ ಕರೆಸುವುದು. ಉಪ್ಪಿನ ಮೇಲೆ ಒಂದು ಹನಿ ಹಾಕಿದರೆ ಅಯೋಡಿನ್ ಇದ್ದಲ್ಲಿ ನೀಲಿಯಾಗುವ ಸಣ್ಣ ಪರೀಕ್ಷೆಯಿದೆ; ಅದನ್ನು ಮೇಸ್ತ್ರಿಗಳ ಮುಂದೆಯೇ ಮಾಡಿಸಬೇಕು. ಉಪ್ಪೆಲ್ಲ ಒಂದೇ ಅಲ್ಲವೆಂಬುದನ್ನು ನಾನು ಹತ್ತು ಸಲ ಹೇಳುವುದಕ್ಕಿಂತ ಆ ನೀಲಿ ಒಂದು ಸಲ ಹೇಳುವುದು ಮೇಲು. ಬಸುರಿಯರಿಗೆ ಥೈರಾಯ್ಡ್ ರಕ್ತ ಪರೀಕ್ಷೆಯಾಗಲಿ. ಕೊರಳಿನಲ್ಲಿ ಗಂಟು ಕಂಡವರು, ದನಿ ಒಡೆದವರು ಉಪ್ಪನ್ನೇ ನಂಬಿ ಕೂರದೆ ಡಾಕ್ಟರಿಗೆ ತೋರಿಸಲಿ. ಗಂಟೆಲ್ಲ ಅಯೋಡಿನ್ ಕೊರತೆಯದಲ್ಲ.

ಕಾಫಿ ಹಣ್ಣಾದಾಗ ಕೊಯ್ಯುವ ಕೈಗಳು ನಮಗೆ ಬೇಕು. ಆ ಕೈಗಳು ಯಾವ ಉಪ್ಪಿನ ಊಟದಿಂದ ಬಲ ಪಡೆಯುತ್ತವೆ, ಆ ತಾಯಂದಿರ ಮಕ್ಕಳು ಎಂಥ ಬುದ್ಧಿಯಿಂದ ಹುಟ್ಟುತ್ತಾರೆ ಎಂಬುದು ನಮಗೆ ಸೇರಿದ ವಿಷಯವಲ್ಲವೆಂದು ಹೇಳುವಂತಿಲ್ಲ. ಅವರು ನಮ್ಮ ಲೈನಿನಲ್ಲಿ ಇರುವಷ್ಟು ದಿನ ಅದು ನಮ್ಮ ಜವಾಬ್ದಾರಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ನಾಲ್ಕು ಸಲಹೆಗಳನ್ನು ಮಂಡಿಸಲಿದ್ದೇನೆ. ಒಪ್ಪದವರು ತಮ್ಮ ಕಾರಣಗಳನ್ನು ಬರೆದು ಕಳುಹಿಸಿದರೆ ಸಭೆಯ ಮುಂದೆ ಅವನ್ನೂ ಓದಲಾಗುವುದು. ಸಭೆಯ ವರೆಗೆ ಕಾಯಬೇಕಾಗಿಯೂ ಇಲ್ಲ. ಇಂದು ಸಂಜೆ ತಮ್ಮ ತೋಟದ ಲೈನಿಗೆ ಹೋಗಿ ಅಲ್ಲಿ ಯಾವ ಉಪ್ಪಿದೆಯೆಂದು ನೋಡಿಕೊಂಡು ಬರಬೇಕೆಂದು ಸದಸ್ಯರಲ್ಲಿ ವಿನಂತಿ.

– ಕಾರ್ಯದರ್ಶಿ